ಉಗುರಿನಷ್ಟು ಕೆಸರು

ನನ್ನ ಅತ್ತಿಗೆ ಗುಣವತಿ ಮಲ್ಪೆಯವರು, ಮೀನುಗಾರರ ಮನೆಯ ಮಗಳು. ನಾಶಿಕದ ನಮ್ಮ ಸಸ್ಯಾಹಾರಿ ಹೋಟೆಲಿಗೆ ಸೊಸೆಯಾಗಿ ಬಂದದ್ದಕ್ಕೆ ನಮ್ಮಣ್ಣನ ಚೆಂದವೇನೂ ಕಾರಣವಲ್ಲ. ಇಲ್ಲಿಂದ ಸಮುದ್ರ ಕಾಣುವುದಿಲ್ಲ, ಅಷ್ಟೆ. ಮದುವೆಯ ಹಿಂದಿನ ವರ್ಷ ಅವರ ತಮ್ಮ ಮುದ್ದಣ್ಣ ಆಳಸಮುದ್ರಕ್ಕೆ ಹೋದ ದೋಣಿಯೊಂದಿಗೆ ಕಾಣೆಯಾಗಿದ್ದ. ಹೆಣ ಸಿಗಲಿಲ್ಲ. ಮೂವತ್ತು ವರ್ಷವಾದರೂ, ಗಾಳಿಮಳೆ ಜೋರಾದರೆ ಅತ್ತಿಗೆ ಕೈಯಲ್ಲಿದ್ದ ಸೌಟು ಬಿಟ್ಟು ಒಳಗೆ ಹೋಗಿ ಕೂರುತ್ತಾರೆ.

ಅಂಥವರ ಮಗಳು ದೀಕ್ಷಿತಾ ಸಂಭಾಜಿನಗರದಲ್ಲಿ ಭೂವಿಜ್ಞಾನ ಓದುತ್ತಿದ್ದಾಳೆ. ಹೋದ ತಿಂಗಳು ಅವಳ ಫೋನ್ ಬಂತು: ಅರಬ್ಬಿ ಸಮುದ್ರದ ತಳದ ಕೆಸರು ತೆಗೆಯುವ ಹಡಗಿನಲ್ಲಿ ಅವಳಿಗೂ ಜಾಗ ಸಿಕ್ಕಿದೆಯಂತೆ. ಅತ್ತಿಗೆ ಫೋನಿನಲ್ಲೇ ಗದರಿದರು.

"ಎಂತದೂ ಬೇಡ. ನೀನು ಹೋದ್ರೆ ನಾನು ಉಳಿಯುದಿಲ್ಲ."

ಊಟ ಬಿಟ್ಟರು. ನನಗೆ ಸಿಟ್ಟು ಬಂತು. ಕೆಸರೇ ಬೇಕಿದ್ದರೆ ಇಲ್ಲೇ ಪಕ್ಕದ ನಿಫಾಡಿನ ದ್ರಾಕ್ಷಿ ತೋಟದಲ್ಲಿ ಸಿಗುವುದಿಲ್ಲವೇ ಎಂದು ಗೊಣಗುತ್ತ, ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಮಗಳ ಕಾಲೇಜಿಗೆ ಹೊರಟೆ.

ದೀಕ್ಷಿತಾಳ ಮೇಷ್ಟ್ರು ವಿಶ್ವನಾಥಪ್ಪ ಬೀದರಿನವರು. ತಾಯಿಗೆ ಧೈರ್ಯ ತುಂಬಲೆಂದು ಹಿಂದೊಮ್ಮೆ ತಂದ ಕೆಸರು ತೋರಿಸಿದರು. ಹಡಗಿನಿಂದ ಇಳಿಸಿ ತಳಕ್ಕೆ ಚುಚ್ಚಿ ತೆಗೆದ ಉದ್ದನೆಯ ಕೊಳವೆ. ಅದನ್ನು ಸೀಳಿ ಮೇಜಿನ ಮೇಲೆ ಮಲಗಿಸಿದ್ದರು. ಒಳಗೆ ಬೂದುಬಣ್ಣದ ನುಣ್ಣನೆಯ ಮಣ್ಣು.

"ಹೆದರಬ್ಯಾಡ್ರಿ ಅಕ್ಕಾರ. ಅಲೆ ಎಲ್ಲಾ ಮ್ಯಾಲಷ್ಟ. ತಳದಾಗ ಭಾಳ ಶಾಂತ. ನದಿ ತಂದ ಮಣ್ಣು, ಗಾಳಿ ತಂದ ಧೂಳು, ಸಣ್ಣ ಜೀವಿಗಳ ಚಿಪ್ಪು, ಎಲ್ಲಾ ಒಂದಕ್ಕೊಂದು ಅಂಟ್ಕೊಂಡು ಮೆಲ್ಲಕ ಇಳೀತಾವ. ಬಿದ್ದದ್ದು ಅಲ್ಲೇ ಕೂಡ್ತದ, ಅದರ ಮ್ಯಾಲ ಮತ್ತೊಂದು ಪದರ."

ಅತ್ತಿಗೆ ಕೊಳವೆಯ ಹತ್ತಿರ ಬಗ್ಗಿದರು. "ಮೂವತ್ತು ವರ್ಷಕ್ಕೆ ಎಷ್ಟು ಬೀಳ್ತದೆ ಸರ್?"

ಮೇಷ್ಟ್ರಿಗೆ ಮುದ್ದಣ್ಣನ ಸಂಗತಿ ಗೊತ್ತಿರಲಿಲ್ಲ. ಒಳ್ಳೆಯ ಪ್ರಶ್ನೆ ಎಂಬ ಖುಷಿಯಲ್ಲಿ ಹೆಬ್ಬೆರಳು ಎತ್ತಿ ಹಿಡಿದರು. "ಈ ಉಗುರಿನ ದಪ್ಪ ಆದ್ರ ಹೆಚ್ಚಾತ್ರಿ."

ಅತ್ತಿಗೆ ಮೇಜಿನ ಅಂಚು ಹಿಡಿದುಕೊಂಡರು. "ಅಷ್ಟೆಯಾ? ಹಾಗಾದ್ರೆ ಮುದ್ದನ ಮುಖ ಇನ್ನೂ ಮುಚ್ಚಲಿಲ್ಲ."

ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಆ ಮಣ್ಣಿನತ್ತ ನೋಡಲು ನನಗೂ ಹೆದರಿಕೆಯಾಯಿತು. ಅಲ್ಲೇ ನಿಂತಿದ್ದ ದೀಕ್ಷಿತಾ ಅಳುತ್ತ ಬಂದು ತಾಯಿಯನ್ನು ತಬ್ಬಿಕೊಂಡಳು. "ನಾನು ಹೋಗಲ್ಲ ಅಮ್ಮ. ಖರಂಚ್, ನಿಜವಾಗ್ಲೂ ಹೋಗಲ್ಲ."

ಅತ್ತಿಗೆ ಸೆರಗಿನಿಂದ ಮಗಳ ಕಣ್ಣೊರೆಸಿದರು.

"ಹೋಗು," ಎಂದರು. "ಆದ್ರೆ ಕೊಳವೆ ಇಳಿಸುವಾಗ ಮೆಲ್ಲ ಇಳಿಸು ಮಗಾ. ಕೆಳಗೆ ನಿನ್ನ ಮಾವ ಇದ್ದಾನೆ."