ಚಿಗವ್ವ ನನ್ನ ಹಿಂದೆ ನಿಲ್ಲುತ್ತಿದ್ದಳು

ಕಿವಿಯ ಈ ಹೊಸ ಯಂತ್ರಕ್ಕೆ ಕೊಟ್ಟ ದುಡ್ಡಿನಲ್ಲಿ ಆ ಕಾಲಕ್ಕೆ ನನ್ನ ಮದುವೆ ಎರಡು ಸಲ ಆಗುತ್ತಿತ್ತು. ಹೆಂಡತಿಗೆ ಹಾಗಂದರೆ, "ಎರಡನೇ ಸಲ ಯಾರು ಹೆಣ್ಣು ಕೊಡತಿದ್ರು ನಿಮಗ?" ಎಂದಳು. ಅಂಗಡಿಯವನು ಹೇಳಿದಷ್ಟನ್ನೇ ಕೊಟ್ಟು ಬಂದೆನೆಂದು ತಿಳಿಯಬೇಡಿ. ಹುಬ್ಬಳ್ಳಿಯ ಅರಳೆ ಪೇಟೆಯಲ್ಲಿ ಬಲಿತವನು ನಾನು, ಬೆಲೆಯ ಮಾತಿನ ನಡುವೆ ಎದ್ದು ಬಾಗಿಲ ತನಕ ಹೋಗಿ ಬಂದೆ. ಆದರೂ ದುಬಾರಿಯೇ. ಯಾಕೆ ತಗೊಂಡೆನೆಂದರೆ, ಇಷ್ಟು ವರ್ಷ ನನಗೆ ಕಿವಿಯ ಕೆಲಸ ಮಾಡಿಕೊಟ್ಟದ್ದು ಕಣ್ಣು. ಎದುರಿನವರ ತುಟಿ ನೋಡಿ ಮಾತು ಹಿಡಿಯುತ್ತಿದ್ದೆ. ಈಗ ಕಣ್ಣೂ ಮಂಜಾಗಿದೆ.

ಅಂಗಡಿಯ ತರುಣ ನನ್ನ ಕಿವಿಯೊಳಗೆ ದೀಪ ಬಿಟ್ಟು ನೋಡುತ್ತಲೇ, ಪಕ್ಕದಲ್ಲಿದ್ದ ಸೊಸೆಯನ್ನು ಕೇಳಿದನಂತೆ: "ಇವರಿಗೆ ಯಾವಾಗಿಂದ ಕೇಳಸೂದಿಲ್ರಿ?" ಅವಳು ಏನೋ ಹೇಳಿದಳು. ಅವನು ಇನ್ನೇನೋ ಕೇಳಿದ. ಇಬ್ಬರ ನಡುವೆ ನಾನು ಅರಳೆ ತುಂಬಿದ ಅಂಡಿಗೆ ಚೀಲದ ಹಾಗೆ ಕೂತಿದ್ದೆ. ಆಗ ಚಿಗವ್ವ ನೆನಪಾದಳು.

ಚಿಗವ್ವ ಎಂದರೆ ನನ್ನ ಅವ್ವನ ತಂಗಿ. ಬೈರಿದೇವರಕೊಪ್ಪದಿಂದ ಕುಪ್ಪಸದ ಖಣಗಳ ಗಂಟು ಹೊತ್ತು ಹುಬ್ಬಳ್ಳಿಗೆ ಬಂದು, ಮನೆಮನೆಗೆ ಮಾರುತ್ತಿದ್ದಳು. ಸುಳ್ಳ ಎಂಬ ಹಳ್ಳಿಯಲ್ಲಿ ನಮ್ಮದು ಅರಳೆ ಬೆಳೆಯುವ ಮನೆ. ಸಣ್ಣವನಿದ್ದಾಗ ಕಿವಿ ಸೋರಿ ಸೋರಿ ನನ್ನ ಕೇಳುವಿಕೆ ಮುಕ್ಕಾಲು ಹೋದಾಗ, "ಇಂವಗ ಸಾಲಿ ಯಾಕ, ಎತ್ತು ಕಾಯಲಿ" ಎಂದು ಅಪ್ಪ ತೀರ್ಮಾನಿಸಿದ. ಚಿಗವ್ವ ಬಂದವಳೇ ನನ್ನನ್ನು ತನ್ನ ಊರಿಗೆ ಕರೆದೊಯ್ದಳು. "ಎತ್ತಿಗೂ ಕಿವಿ ಬೇಕ, ಭಾವಾ. ಹಂಗಂತ ನೀ ಅದಕ್ಕ ಸಾಲಿ ಕಲಸೀ ಏನು?" ಎಂದಳಂತೆ. ಈ ಮಾತಿಗೆ ಅರ್ಥವಿದೆಯೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಅಪ್ಪ ಮಾತ್ರ ನನ್ನ ಬಟ್ಟೆಯ ಗಂಟು ಕಟ್ಟಿಸಿಕೊಟ್ಟ.

ಹುಬ್ಬಳ್ಳಿಯ ಸಾಲಿಯಲ್ಲಿ ಮಾಸ್ತರರು, "ಮೂಕರ ಸಾಲಿ ಎಲ್ಲೈತಿ ನೋಡ್ರಿ" ಎಂದರು. ಚಿಗವ್ವ ಬಿಡಲಿಲ್ಲ: "ಅಂವಾ ಮೂಕ ಅಲ್ರಿ. ನೀವು ಹಲಗಿ ಕಡೆ ಮಾರಿ ಮಾಡಿ ಪಾಠಾ ಹೇಳತೀರಿ. ಹಲಗಿಗೆ ಕಿವಿ ಅದಾವೇನ್ರಿ? ಈ ಕಡೆ ತಿರುಗಿ ಹೇಳ್ರಿ, ಮುಂದಿನ ಸಾಲಿನ್ಯಾಗ ಕೂಡಸ್ರಿ, ಸಾಕು." ಮಾಸ್ತರರು ನಕ್ಕು, ಕೂಡಿಸಿಕೊಂಡರು. ಅವರ ಹೆಂಡತಿ ಚಿಗವ್ವನ ಹತ್ತಿರವೇ ಖಣ ಕೊಳ್ಳುತ್ತಿದ್ದರೆಂಬುದನ್ನೂ ಹೇಳಬೇಕು. ಅವಳು ಯಾವ ಬಾಗಿಲನ್ನೂ ಬರಿಗೈಲಿ ತಟ್ಟಿದವಳಲ್ಲ.

ದವಾಖಾನೆಯಲ್ಲಿ ಡಾಕ್ಟರರು, "ಇಂವಗ ನೋವು ಎಲ್ಲೈತಿ?" ಎಂದು ಅವಳನ್ನು ಕೇಳಿದರೆ, ಅವಳು ತಲೆಯೆತ್ತಿ ಮಾಡಿನ ಜಂತಿ ಎಣಿಸುತ್ತ ನಿಂತುಬಿಟ್ಟಳು. ಮತ್ತೆ ಕೇಳಿದರು. "ಕಿವಿ ನಂದಲ್ರಿ ಸಾಹೇಬ್ರ" ಎಂದಳು. ಡಾಕ್ಟರರು ಮೊದಲ ಸಲ ನನ್ನ ಮುಖ ನೋಡಿದರು.

ಅವಳದೊಂದು ವಿಚಿತ್ರ ರೂಢಿಯಿತ್ತು. ಎಲ್ಲಿಗೆ ಹೋದರೂ ನನ್ನ ಮುಂದೆ ನಿಲ್ಲುವವಳಲ್ಲ, ಬೆನ್ನ ಹಿಂದೆ. ಅವಳು ಹಿಂದಿನಿಂದ ಏನಂದಳೆಂಬುದು ನನಗೆ ಗೊತ್ತೇ ಆಗುತ್ತಿರಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಮಾಸ್ತರನಾಗಿ, ಡಾಕ್ಟರನಾಗಿ, ಮತ್ತೆ ತಾನೇ ಆಗಿ ಎಲ್ಲ ಮಾಡಿ ತೋರಿಸುತ್ತಿದ್ದಳು. ದೇಶಪಾಂಡೆ ನಗರದ ಮಂದಿ ನಿಂತು ನೋಡುತ್ತಿದ್ದರು. ನನ್ನನ್ನು ಢಾಲಿನಂತೆ ಮುಂದೆ ಹಿಡಿಯುತ್ತಾಳೆ ಎಂದು ನನಗೆ ಸಿಟ್ಟು.

ಸಾಲಿ ಮುಗಿಯಿತು. ಕೆಲಸ ಸಿಗದಿದ್ದರೆ ತಿರುಗಿ ಸುಳ್ಳಕ್ಕೆ, ಎತ್ತಿನ ಹಿಂದೆ. ಅಪ್ಪ ಹಾಗೆಂದು ಹೇಳಿ ಕಳಿಸಿದ್ದ. ಚಿಗವ್ವ ಅರಳೆ ಪೇಟೆಯ ಒಬ್ಬ ಅಡತಿ ಸಾವ್ಕಾರರ ಅಂಗಡಿಗೆ ಕರೆದೊಯ್ದಳು. ರೈತರ ಮಾಲು ಮಾರಿಸಿಕೊಡುವ ಅಂಗಡಿ ಅದು.

"ಕಿವಡ ಹುಡುಗ ವ್ಯಾಪಾರ ಹೆಂಗ ಮಾಡ್ತಾನವ್ವಾ?"

"ಸಾವ್ಕಾರ್ರ, ನೀವು ರೇಟು ಬಾಯಾಗ ಕುದರಸ್ತೀರೋ, ಶಲ್ಯದ ಬುಡಕೋ?"

ಅಲ್ಲಿ ದರ ಗುಟ್ಟಾಗಿ ನಡೆಯುತ್ತಿತ್ತು. ಕೈಗಳ ಮೇಲೆ ಶಲ್ಯ ಮುಚ್ಚಿ, ಒಳಗೆ ಬೆರಳು ಹಿಡಿದು ಬೆಲೆ ಹೇಳುವುದು. ಅಪ್ಪ ನನಗೆ ಕಲಿಸಿದ ಒಂದೇ ಪಾಠ ಅದು.

ಸಾವ್ಕಾರರು ಶಲ್ಯ ಮುಚ್ಚಿ ನನ್ನ ಕೈ ಹಿಡಿದರು. ನಾನು ನಾಚಿಕೆಯಿಂದ ತಲೆ ತಗ್ಗಿಸಿದ್ದೆ. ಅವರು ಹೊಸಬರನ್ನು ಕೆಡಹುವ ಹಳೆಯ ಆಟ ಹೂಡಿದರು. ಬೆರಳಲ್ಲಿ ಒಂದು ದರ ಒತ್ತುತ್ತ, ಬಾಯಲ್ಲಿ ಬೇರೆಯದನ್ನೇ ಜೋರಾಗಿ ಕೂಗಿದರು. ಕಿವಿಯಿದ್ದವರು ಅಲ್ಲಿಯೇ ತಪ್ಪುತ್ತಿದ್ದರು. ನನಗೆ ಕೂಗು ಮುಟ್ಟಲೇ ಇಲ್ಲ. ಬೆರಳು ಹೇಳಿದ್ದಕ್ಕೆ ಬೆರಳಲ್ಲೇ ಉತ್ತರಿಸಿದೆ, ಸ್ವಲ್ಪ ಏರಿಸಿ. ಹಮಾಲರು ನಕ್ಕರಂತೆ. ನಾನು ತಲೆಯೆತ್ತಿದಾಗ ಸಾವ್ಕಾರರ ತುಟಿ ಹೇಳುತ್ತಿತ್ತು: "ನಾಳಿಂದ ಬರಲಿ. ಪಗಾರ ಆಮ್ಯಾಲೆ ನೋಡೂಣು."

"ಈಗ ನೋಡೂಣ್ರಿ. ಉಳದ ಹುಡುಗರಿಗೆ ಕೊಟ್ಟಷ್ಟ ಕೊಡ್ರಿ" ಎಂದಳಂತೆ ಚಿಗವ್ವ, ನನ್ನ ಹಿಂದಿನಿಂದ.

"ಕಿವಿ ಕಮ್ಮಿ ಐತಲ್ಲವ್ವಾ?"

"ಕಿವಿದು ಬ್ಯಾಡ್ರಿ. ಬೆರಳಿಂದು ಕೊಡ್ರಿ."

ಕೊಟ್ಟರು. ಮುಂದೆ ನಾನೇ ಅಡತಿ ಹಾಕಿದೆ. ಸ್ವಂತ ಬಲದ ಮೇಲೆ ಬಂದವನೆಂದು ಊರೆಲ್ಲ ಹೇಳಿಕೊಂಡು ತಿರುಗಿದೆ. ಚಿಗವ್ವ ಕೇಳಿ, "ಹೌದಪಾ, ಹಿಂದ ಯಾರೂ ಇರಲೇ ಇಲ್ಲ" ಎನ್ನುತ್ತಿದ್ದಳು.

ಮೊನ್ನೆ ಕಿವಿಯ ಯಂತ್ರದ ಅಂಗಡಿಯಲ್ಲಿ ಕೂತಾಗ ಅವಳ ರೂಢಿ ತಟ್ಟನೆ ತಿಳಿಯಿತು. ಅವಳು ನನ್ನ ಹಿಂದೆ ನಿಂತರೆ, ಅವಳೊಡನೆ ಮಾತಾಡುವವನ ತುಟಿ ನನ್ನ ಕಡೆಗೇ ತಿರುಗಿರುತ್ತಿತ್ತು! ಸೊಸೆಗೆ ಹೇಳಿದೆ: "ಸ್ವಲ್ಪ ನನ್ನ ಹಿಂದ ನಿಂದರವ್ವಾ." ಅವಳು ನಿಂತಳು. ತರುಣನ ಮುಖ ತಾನಾಗಿ ನನ್ನತ್ತ ಬಂತು. ಆಮೇಲೆಯೇ ನಾನು ಬೆಲೆ ಮಾತಾಡಿದ್ದು.

ನಿಮ್ಮ ಮನೆಯಲ್ಲಿ ಕಣ್ಣೋ ಕಿವಿಯೋ ಕಾಲೋ ಸಾಲದವರಿದ್ದರೆ ಸಾಲಿಗೆ, ದವಾಖಾನೆಗೆ, ಕಚೇರಿಗೆ ಜೊತೆಗೆ ಹೋಗಿ, ಒಬ್ಬರನ್ನೇ ಕಳಿಸಬೇಡಿ. ಆದರೆ ಅವರ ಉತ್ತರ ನೀವು ಹೇಳಬೇಡಿ. ಕರುಣೆ ಕೇಳಬೇಡಿ, ಬೇಕಾದದ್ದೊಂದನ್ನೇ ಕೇಳಿ: ಮುಂದಿನ ಸಾಲು, ಇತ್ತ ತಿರುಗಿದ ಮುಖ. ಪಗಾರದ ಮಾತು ಅವತ್ತೇ ಮುಗಿಸಿ. ಮತ್ತು ನಿಲ್ಲುವುದಾದರೆ, ಹಿಂದೆ ನಿಲ್ಲಿ.