ಅರ್ಧ ರೊಟ್ಟಿಯ ಶಿಕ್ಷೆ

ಹೋದ ವಾರ ಗಡಹಿಂಗ್ಲಜದ ಆಸ್ಪತ್ರೆಯಲ್ಲಿ ನನ್ನ ಐದು ವರ್ಷದ ಮೊಮ್ಮಗಳು ಶಾಂತಿ ಮಂಚದ ಕೆಳಗೆ ಸೇರಿಕೊಂಡುಬಿಟ್ಟಳು. ಮೈ ಸುಡುತ್ತಿತ್ತು. ಎದೆಯಲ್ಲಿ ಕಫ ಕಟ್ಟಿ ಉಸಿರು ಗೊರಗುಟ್ಟುತ್ತಿತ್ತು. ಪೆನಿಸಿಲಿನ್ ಇಂಜೆಕ್ಷನ್ ತಡವಾಗಕೂಡದೆಂದು ಡಾಕ್ಟರು ಹೇಳಿ ಹೋಗಿದ್ದರು. ಬಿಳಿ ಸೀರೆಯ ನರ್ಸ್ ಸುಶೀಲಾಬಾಯಿ ಬಂದದ್ದೇ ತಡ, ಹುಡುಗಿ ಮಾಯ!

"ಇನ್ನ ರೊಟ್ಟಿ ಬಿಡಂಗಿಲ್ರೀ! ಪೂರಾ ತಿಂತೀನ್ರೀ! ಚುಚ್ಚಬ್ಯಾಡ್ರೀ!"

ವಾರ್ಡಿನವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಆ ರೊಟ್ಟಿಯ ಕಥೆ ಕಟ್ಟಿದವನು ನಾನೇ.

ತಾಟಿನಲ್ಲಿ ರೊಟ್ಟಿ ಉಳಿಸಿದರೆ ನರ್ಸಬಾಯಿ ಬಂದು ಸೂಜಿ ಚುಚ್ಚುತ್ತಾಳೆ ಎಂದು ಹೆದರಿಸಿಯೇ ಅವಳಿಗೆ ಉಣ್ಣಿಸುತ್ತಿದ್ದೆ. (ನೀವು ಮಾಡಿಲ್ಲವೇ? ಪೊಲೀಸ, ಗುಮ್ಮ, ಯಾರಾದರೊಬ್ಬರು ನಮಗೂ ಬೇಕಲ್ಲ!)

ಹಿಂದೊಮ್ಮೆ ಇದೇ ಸುಶೀಲಾಬಾಯಿ ಮಕ್ಕಳ ಆರೈಕೆಯ ಟ್ರೇನಿಂಗಿಗೆಂದು ಕೊಲ್ಹಾಪುರಕ್ಕೆ ಹೊರಟಾಗ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದರು. ನನ್ನ ನಾಲಿಗೆ ಸುಮ್ಮನಿರಬೇಕಲ್ಲ!

"ಏನ್ರೀ ಬಾಯಾರ, ತಲಿ ನೆರತ ಮ್ಯಾಲ ಮತ್ತ ಸಾಲಿ? ಕೂಸು ಆಡಸಾಕೂ ಪಾಠ ಬೇಕೇನು?"

"ಹೌದ್ರೀ ಕಾಕಾ," ಎಂದು ನಕ್ಕಿದ್ದರು. "ಹಳೇ ಪಾಠ ಮರಿಯಾಕ ಹೊಂಟೀನಿ."

ಈಗ ವಾರ್ಡಿನಲ್ಲಿ ನಾನೇ ಅವಸರ ಮಾಡಿದೆ: "ಇಬ್ಬರು ಹಿಡಕೊಂಡು ಚುಚ್ಚಿಬಿಡ್ರಲಾ!"

"ಮೊದಲ ನಾವೂ ಹಂಗ ಮಾಡತಿದ್ವಿರೀ. ಹಂಗ ಹಿಡದು ಚುಚ್ಚಿದ್ರ ನಾಳಿನ ಸೂಜಿಗೆ ಕೂಸು ಇನ್ನೂ ಅಂಜತೈತಿ. ಕೊಲ್ಹಾಪುರದಾಗ ಆ ಚಾಳಿ ಬಿಡಿಸಿದ್ರು." ಅವರು ನೆಲದ ಮೇಲೇ ಕುಳಿತರು. "ನೀವೂ ಕೂಡ್ರಿ ಕಾಕಾ. ಖರೇ ಏನೈತಿ, ನೀವ ಹೇಳ್ರಿ."

ಊರಲ್ಲಿ ನ್ಯಾಯ ಹೇಳುವ ನಾನು, ಅಷ್ಟು ಮಂದಿಯ ಎದುರು, ಧೋತರ ಎತ್ತಿಕಟ್ಟಿ ಮಂಚದ ಕೆಳಗೆ ತಲೆ ಹಾಕಿದೆ.

"ಶಾಂತವ್ವಾ, ಅಜ್ಜ ಸುಳ್ಳ ಹೇಳಿದ್ನವಾ. ಬಾಯಾರು ರೊಟ್ಟಿ ನೋಡಾಕ ಬಂದಿಲ್ಲ. ನಿನ್ನ ಎದಿ ಹಗರ ಆಗಲಿ ಅಂತ ಬಂದಾರ."

ಅವಳು ನನ್ನನ್ನು ದಾಟಿ ಅವರನ್ನೇ ಕೇಳಿದಳು: "ನೋಯತೈತೇನ್ರೀ?"

ನಾನು "ಇಲ್ಲವಾ" ಎನ್ನುವುದರಲ್ಲಿದ್ದೆ. (ನೋಡಿ, ಚಾಳಿ!) ಅಷ್ಟರಲ್ಲಿ ಸುಶೀಲಾಬಾಯಿ ಹೇಳಿದರು: "ಹೌದವಾ, ಚುರ್ ಅಂತೈತಿ. ಅಳು ಬಂದ್ರ ಅಳು. ಯಾರೂ ಬೈಯೂದಿಲ್ಲ."

ಶಾಂತಿ ಹೊರಗೆ ಬಂದಳು. ನಾನು ಬೆರಳು ಚಾಚಿದೆ, ಹಿಡಿಯಲಿಲ್ಲ. ಸುಶೀಲಾಬಾಯಿಯವರ ಸೆರಗು ಹಿಡಿದು ಜೋರಾಗಿ ಅತ್ತಳು, ತೋಳು ಮಾತ್ರ ಎಳೆದುಕೊಳ್ಳಲಿಲ್ಲ. ಮರುದಿನದ ಸೂಜಿಗೆ ತಾನಾಗಿಯೇ ನನ್ನ ಬೆರಳು ಹುಡುಕಿದಳು.

ಈಗ ಆರಾಮಾಗಿ ಮನೆಗೆ ಬಂದಿದ್ದಾಳೆ. ನಿನ್ನೆ ತಾಟಿನಲ್ಲಿ ಅರ್ಧ ರೊಟ್ಟಿ ಬಿಟ್ಟು ನನ್ನ ಮುಖವನ್ನೇ ನೋಡಿದಳು. ಅಜ್ಜ ಈಗೇನು ಹೇಳುತ್ತಾನೆ?

ಅದನ್ನು ತೆಗೆದುಕೊಂಡು ನಾನೇ ತಿಂದೆ. ಬಾಯಿ ತುಂಬ ರೊಟ್ಟಿ ಇದ್ದರೆ ಸುಳ್ಳು ಹೇಳಲು ಬರುವುದಿಲ್ಲ ನೋಡಿ.