ತಿರುವಿನಲ್ಲಿ ಬಿಟ್ಟ ನಾಲ್ಕನೆಯ ಹೆಸರು

ಬಂಟ್ವಾಳದ ನಮ್ಮ ಸೈನಿಕರ ಕಟ್ಟೆ ಮೊದಲು ಮುರಕಲ್ಲಿನದಾಗಿತ್ತು. ಸೈನ್ಯಕ್ಕೆ ಹೋಗಿ ಸತ್ತ ಐವರ ಹೆಸರನ್ನು ಸುಣ್ಣದ ಮೇಲೆ ಬಣ್ಣದಲ್ಲಿ ಬರೆಯುತ್ತಿದ್ದರು. ಮಳೆಗೆ ಬಣ್ಣ ಹೋಗುತ್ತಿತ್ತು, ಆಗಸ್ಟ್ ಹದಿನೈದಕ್ಕೆ ಮುಂಚೆ ಮತ್ತೆ ಬರೆಸಬೇಕು. ತೊಂಬತ್ಮೂರರಲ್ಲಿ ನಾಲ್ಕೇ ಹೆಸರು ಬಂದವು. ಎಪ್ಪತ್ತೊಂದರ ಯುದ್ಧದಲ್ಲಿ ಸತ್ತ ಬ್ಯಾರಿ ಮುಸ್ಲಿಂ ಹುಡುಗನದು ಇರಲಿಲ್ಲ. "ಜಾಗ ಸಾಕಾಗ್ಲಿಲ್ಲ" ಎಂದ ಪೇಂಟರ್. ಗೋಡೆಯೇನೂ ಸಣ್ಣದಾಗಿರಲಿಲ್ಲ.

ಆ ಹುಡುಗನ ಅಕ್ಕ ಆರು ವರ್ಷ ಕಟ್ಟೆ ಸಮಿತಿಯ ಬಾಗಿಲಿಗೆ ಬಂದರು. ಕಾರ್ಗಿಲ್ ಯುದ್ಧ ಮುಗಿದ ಮೇಲೆ ಊರಿನವರಿಗೆ ದೇಶಭಕ್ತಿ ಉಕ್ಕಿತು. ಕರಿಕಲ್ಲಿನಲ್ಲೇ ಕೆತ್ತಿಸುವ ಎಂದಾಯಿತು. ಪಟ್ಟಿ ಬರೆಯುವ ಕೆಲಸ ಬಿ.ಎ. ಮುಗಿಸಿ ಪಾಠ ಹೇಳುತ್ತಿದ್ದ ನನಗೆ ಬಂತು. ಐದೂ ಹೆಸರು ಬರೆದೆ, ನಾಲ್ಕನೆಯದು ಅವನದು.

"ಕಲ್ಲಾದ್ರೆ ಯಾರಿಗೂ ಬಿಡ್ಲಿಕ್ಕೆ ಆಗುದಿಲ್ಲ ಅಲ್ವಾ ಮಾಷ್ಟ್ರೇ?" ಎಂದು ಕಲ್ಲು ತರುವ ದಿನ ಆಕೆ ಮೂಡುಬಿದಿರೆಯ ಶಿಲ್ಪಿಯಲ್ಲಿಗೆ ನನ್ನೊಂದಿಗೇ ಬಂದರು. ತಮ್ಮನ ಹೆಸರಿನ ಒಂದೊಂದು ಅಕ್ಷರದೊಳಗೂ ಬೆರಳಿಟ್ಟು ನೋಡಿದರು.

ಕೆತ್ತಿದ ಕಲ್ಲನ್ನು ಸಾಗಿಸುವಾಗ ಬೈಹುಲ್ಲು ಹಾಸಿ ಮುಖ ಅಡಿಯಾಗಿ ಮಲಗಿಸುತ್ತಾರೆ. ಸಿದ್ಧಕಟ್ಟೆ ದಾಟಿದ ಒಂದು ತಿರುವಿನಲ್ಲಿ ಏಳೆಂಟು ಜನ ನಮ್ಮ ಟೆಂಪೋಗೆ ಅಡ್ಡ ನಿಂತರು. ಮುಂದಿನ ಸೀಟಿನಲ್ಲಿ ಡ್ರೈವರ್ ಪಕ್ಕ ನಾನು, ಕಿಟಕಿಯ ಬದಿಗೆ ತಲೆವಸ್ತ್ರ ಹೊದ್ದ ಆಕೆ. ಹಿಂದಿನ ದಿನ ಆ ಕಡೆ ಕೋಮು ಗಲಾಟೆಯಾಗಿತ್ತು. ಒಬ್ಬನ ಕೈಯಲ್ಲಿ ಸೈಕಲ್ ಚೈನಿತ್ತು.

"ದಾನೆ ಮಾರಾಯ, ಹಿಂದೆ ಎಂತ ಉಂಟು?"

"ಸೈನಿಕರ ಕಲ್ಲು" ಎಂದ ಡ್ರೈವರ್.

"ಈ ಬ್ಯಾರ್ತಿಗೆ ಎಂತ ಸೈನಿಕರ ಕಲ್ಲು? ಗೋರಿಯದ್ದಾ? ತಿರುಗಿಸು, ನೋಡುವ."

"ಹತ್ತು ಜನ ಬೇಕು ಎತ್ಲಿಕ್ಕೆ. ಒಡೆದ್ರೆ ನೀವು ಕೆತ್ತಿ ಕೊಡ್ತೀರಾ?" ಎಂದ ಡ್ರೈವರ್.

ಚೈನಿನವನು ನನ್ನ ಕಿಸೆ ನೋಡಿದ. "ಪೆನ್ನು ಸಿಕ್ಕಿಸಿದ್ದೀರಿ, ಮಾಷ್ಟ್ರಾ? ಹಾಗಾದ್ರೆ ಪಟ್ಟಿಯೂ ಉಂಟು. ಓದಿ. ಎಲ್ಲರಿಗೂ ಕೇಳ್ಬೇಕು."

ಓದಿದೆ. ಒಂದು, ಎರಡು, ಮೂರು. ಚೈನು ಅವನ ಮುಷ್ಟಿಗೆ ಒಂದು ಸುತ್ತು ಬಂತು. ನಾನು ಐದನೆಯದನ್ನು ಓದಿದೆ.

"ನಾಲ್ಕೇ?"

"ನಾಲ್ಕೇ."

ಬಾನೆಟ್ಟಿಗೆ ಬಡಿದು ದಾರಿ ಬಿಟ್ಟರು. ಒಬ್ಬ ಆಕೆ ಕೂತ ಬದಿಯ ಕಿಟಕಿಗೆ ಉಗಿದ. ಬಂಟ್ವಾಳದವರೆಗೆ ಆಕೆ ಅದನ್ನು ಒರೆಸಲಿಲ್ಲ.

ಮನಸ್ಸಿನಲ್ಲಿ ಆ ತಿರುವಿಗೆ ಎಷ್ಟು ಸಲ ಹಿಂದಿರುಗಿದ್ದೇನೋ. ಪ್ರತಿ ಸಲವೂ ಆ ಹೆಸರು ಓದುತ್ತೇನೆ, ಪ್ರತಿ ಸಲವೂ ಮೊದಲ ಏಟು ಆಕೆಗೇ ಬೀಳುತ್ತದೆ. ಹಾಗಾಗಿ ಬಿಟ್ಟದ್ದೇ ಸರಿ ಎಂದುಕೊಳ್ಳುತ್ತೇನೆ. ಆದರೂ ಮತ್ತೆ ಮೊದಲಿನಿಂದ ಓದಲು ಶುರುಮಾಡುತ್ತೇನೆ.

ಕಲ್ಲು ನಿಲ್ಲಿಸಿದ ದಿನ ಪೊಲೀಸ್ ಬಂದೋಬಸ್ತಿತ್ತು. ಮೈಕಿನಲ್ಲಿ ನಾನು ಐದೂ ಹೆಸರು ಓದಿದೆ, ನಾಲ್ಕನೆಯದನ್ನು ಸ್ವಲ್ಪ ಜೋರಾಗಿಯೇ. ಆಮೇಲೆ ಆಕೆ ಹತ್ತಿರ ಬಂದರು.

"ಇವತ್ತು ಓದಿದ್ರಿ. ಪೊಲೀಸಿನವರು ಇದ್ದಾರಲ್ಲ."

"ಅಕ್ಕ, ಆ ದಿನ ಓದಿದ್ರೆ ನಿಮ್ಮನ್ನೇ..."

"ಪೇಂಟರನೂ ಹೆದರಿದ್ದೇ ಮಾಷ್ಟ್ರೇ."

ಕಲ್ಲನ್ನು ಮುಟ್ಟದೆ ಹೊರಟುಹೋದರು.